ಬೆನ್ನು ತಿರುಗಿಸಿ ನಿಂತವಳು

ನನಗೆ ನನ್ನ ದನಿ ಬರುವ ಮೊದಲೇ ಸೋದರತ್ತೆಯ ದನಿ ಬಂದಿತ್ತು ಎಂದು ಮನೆಯವರು ಹೇಳುತ್ತಾರೆ. ಸರಿಯಾಗಿ ಚಡ್ಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿ ಬಾಗಿಲಿಗೆ ಬಂದ ಹಾಲಿನ ಭೈಯಾನ ಮುಂದೆ ಸೊಂಟದ ಮೇಲೆ ಕೈಯಿಟ್ಟು, "ನಿನ್ನಿ ಹಾಲಿಗೆ ನಮ್ಮನೀ ಬೆಕ್ಕು ಮಾರಿ ತಿರುವಿತು ನೋಡಪಾ" ಅಂದಿದ್ದೆನಂತೆ. ಭೈಯಾನಿಗೆ ಕನ್ನಡ ಬಾರದು. ನಮ್ಮ ಮನೆಯಲ್ಲಿ ಬೆಕ್ಕೂ ಇರಲಿಲ್ಲ. ಆದರೂ ಮರುದಿನದಿಂದ ಹಾಲು ಗಟ್ಟಿಯಾಯಿತಂತೆ. ಮಾತಿನಲ್ಲಿ ಅರ್ಥಕ್ಕಿಂತ ಗತ್ತು ದೊಡ್ಡದು ಎಂದು ನಾನು ಕಲಿತದ್ದು ಅತ್ತಿಯಿಂದ.

ಆಮೇಲೆ ನಾನು ಅಣಕಿಸದೆ ಯಾರನ್ನೂ ಬಿಡಲಿಲ್ಲ. ಬಿಲ್ಡಿಂಗಿನ ಸೆಕ್ರೆಟರಿ, ಗಣಿತದ ಟೀಚರ್, ಲಗ್ನದಲ್ಲಿ ಮೈಕು ಸಿಕ್ಕರೆ ಊಟ ಆರುವ ತನಕ ಬಿಡದ ದೊಡ್ಡಪ್ಪ, ಎಲ್ಲರೂ ನನ್ನ ಬಾಯಿಗೆ ಬಂದು ಹೋದವರೇ. ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ನಮ್ಮಪ್ಪನನ್ನು ಅಣಕಿಸುವುದು ತುಸು ಕಷ್ಟ. ಆತ ಗಿರಾಕಿಯೊಡನೆ ಹಿಂದಿಯಲ್ಲಿ ಶುರು ಮಾಡಿ, ಮರಾಠಿಯಲ್ಲಿ ಚೌಕಾಸಿಗೆ ಇಳಿದು, ಸೋಲುವ ಹೊತ್ತಿಗೆ ವಿಜಯಪುರದ ಕನ್ನಡಕ್ಕೆ ಬರುತ್ತಾನೆ. ಒಂದೇ ಉಸಿರಿನಲ್ಲಿ ಮೂರು ಮಂದಿಯನ್ನು ಮಾಡಬೇಕು. ಇನ್ನು ನನ್ನನ್ನು ಯಾರಾದರೂ ಅಣಕಿಸಬೇಕೆಂದರೆ ಸುಲಭ: ತಾನು ಹೇಳಿದ್ದಕ್ಕೆ ತಾನೇ ಮೊದಲು ನಗುವ ಒಬ್ಬ ಸಣಕಲನನ್ನು ನೆನೆಸಿಕೊಂಡರೆ ಸಾಕು.

ಈಗ ಇದೇ ನನ್ನ ಹೊಟ್ಟೆಪಾಡು. ಮೊದಮೊದಲು ಒಂದು ಕಾರ್ಟೂನಿಗೆ ಮೊಸಳೆಯ ದನಿ ಕೊಡುತ್ತಿದ್ದೆ. ಮುಖ್ಯ ಮೊಸಳೆ ಅಲ್ಲ, ಅದರ ಹಿಂದೆ ಈಜುವ ಮೊಸಳೆ. ಅಲ್ಲಿಂದ ಅಂಧೇರಿಯ ಗಲ್ಲಿಯೊಂದರಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿರುವ ಒಂದು ಸಣ್ಣ ಕಂಪನಿಗೆ ಬಡ್ತಿ ಸಿಕ್ಕಿತು. ನಾವು ಅಲ್ಲಿ ಸುಳ್ಳು ಲೋಕಗಳನ್ನು ಕಟ್ಟುತ್ತೇವೆ. ಕಣ್ಣಿಗೆ ಒಂದು ಡಬ್ಬಿ ಕಟ್ಟಿಕೊಂಡರೆ ನೀವು ಲಿಫ್ಟಿನೊಳಗೆ ಇರುತ್ತೀರಿ, ಹೈವೇ ದಾಟುತ್ತಿರುತ್ತೀರಿ, ಇಲ್ಲವೇ ಲೋಕಲ್ ರೈಲು ಹತ್ತುತ್ತಿರುತ್ತೀರಿ. ಬಿದ್ದವರು, ಪೆಟ್ಟು ತಿಂದವರು, ಮೈ ವಾಸಿಯಾದರೂ ಅಂಜಿಕೆ ವಾಸಿಯಾಗದವರು ಅದರೊಳಗೆ ರೂಢಿ ಮಾಡಿಕೊಂಡು ಹೊರಗೆ ಬರಲಿ ಎಂಬುದು ಉದ್ದೇಶ.

ಪ್ರತಿ ಸುಳ್ಳು ಲೋಕದಲ್ಲೂ ಒಬ್ಬಳು ಸಹಾಯಕಿ ಇರುತ್ತಾಳೆ. ರೆಕಾರ್ಡು ಮಾಡಿಟ್ಟ ದನಿ ಅಲ್ಲ ಅದು. ನೀವು ಅಂದದ್ದನ್ನು ಕೇಳಿಸಿಕೊಳ್ಳುತ್ತಾಳೆ, ನಿಮ್ಮ ಕೈ ನಡುಗುವುದನ್ನು ನೋಡುತ್ತಾಳೆ, ಮಣಿಕಟ್ಟಿನ ಪಟ್ಟಿಯಿಂದ ನಿಮ್ಮ ನಾಡಿ ಹಿಡಿಯುತ್ತಾಳೆ, ಆಮೇಲೆ ಏನು ಮಾಡಬೇಕೋ ತಾನೇ ಯೋಚಿಸಿ ಮಾಡುತ್ತಾಳೆ. ಆಕೆಗೆ ಮಾತು ಕಲಿಸುವುದು, ದನಿ ಕೊಡುವುದು ನನ್ನ ಕೆಲಸ. ಬುದ್ಧಿ ಕಂಪ್ಯೂಟರಿನದು, ಬಾಯಿ ನನ್ನದು. ನಮ್ಮಪ್ಪನ ಪ್ರಕಾರ ಇದಕ್ಕಿಂತ ಸರಿಯಾದ ಪಾಲು ಇಲ್ಲ.

ಇನ್ನು ಅತ್ತಿ. ಅಪ್ಪನ ಅಕ್ಕ, ನಮ್ಮ ಜೊತೆಗೇ ಡೊಂಬಿವಲಿಯಲ್ಲಿ ಇರುವವಳು. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ತಪಾಸಣೆ ಮಾಡುವ ವಿಭಾಗದಲ್ಲಿ ನೌಕರಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ತಪಾಸಣ್ಯಾಗ ಒಂದೂ ಪಾಸಾಗಲಿಲ್ಲ" ಅನ್ನುತ್ತಾಳೆ. ದಿನಾ ಬೆಳಿಗ್ಗೆ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿ, ದಿನಾ ಸಂಜೆ ಅದೇ ಡಬ್ಬಿ. ಆ ಡಬ್ಬಿಯಲ್ಲಿ ಆಕೆ ಮಾಡದ ಜಗಳ ಇಲ್ಲ, ಬಿಡಿಸದ ಜಗಳವೂ ಇಲ್ಲ.

ಹೋದ ವರ್ಷ ಒಂದು ಸಂಜೆ ಗಾಡಿ ಇಳಿಯುವಾಗ ಬಿದ್ದಳು. ಯಾರೂ ದೂಡಲಿಲ್ಲ, ಎಲ್ಲರೂ ದೂಡಿದರು. ಆ ಹೊತ್ತಿನಲ್ಲಿ ಹಾಗೇ. ಕಾಲಿನ ಎಲುಬು ಮುರಿದು, ಒಳಗೆ ಲೋಹದ ಪಟ್ಟಿ ಕೂರಿಸಿ, ತಿಂಗಳುಗಟ್ಟಲೆ ವಾಕರ್ ಹಿಡಿದು, ಕೊನೆಗೆ ಕಾಲು ನೆಟ್ಟಗಾಯಿತು. ದನಿ ಮಾತ್ರ ನೆಟ್ಟಗಾಗಲಿಲ್ಲ. ಮೊದಲಾದರೆ "ಏ ಮಂಗ್ಯಾ, ನೀರು ತಾ" ಅನ್ನುತ್ತಿದ್ದವಳು ಈಗ "ಸ್ವಲ್ಪ ನೀರು ಕೊಡ್ತೀ ಏನಪಾ" ಅನ್ನತೊಡಗಿದಳು. ಬಿಲ್ಡಿಂಗಿನ ಸೆಕ್ರೆಟರಿ ಪಾರ್ಕಿಂಗ್ ವಿಷಯಕ್ಕೆ ಬಂದು ಎಗರಾಡಿದರೆ "ಇರಲಿ ಬಿಡ್ರಿ" ಅಂದಳು. ಸೆಕ್ರೆಟರಿಯೇ ಗಾಬರಿಯಾಗಿ ನನ್ನ ಹತ್ತಿರ ಬಂದು, ಹುಷಾರಿಲ್ಲವೇ ಎಂದು ಕೇಳಿದ. ಅಣಕಿಸುವವನಿಗೆ ಇದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ. ಆಕೆಯ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು. ನಿಮ್ಮ ಜಾಗ ಹಾಗೇ ಇಟ್ಟಿದ್ದೇವೆ, ಮುಂದಿನ ತಿಂಗಳು ಬರುತ್ತೀರೋ ಇಲ್ಲ ಸ್ವಂತ ಇಚ್ಛೆಯಿಂದ ನಿವೃತ್ತಿ ತಗೊಳ್ಳುತ್ತೀರೋ ಹೇಳಿಬಿಡಿ ಎಂದರು. ಮಾತು ಮೆತ್ತಗೇ ಇತ್ತು, ಆದರೆ ಮಾತು ಮುಗಿದಿತ್ತು. ಡೊಂಬಿವಲಿಯಿಂದ ಅಲ್ಲಿಗೆ ದಿನಾ ಟ್ಯಾಕ್ಸಿ ಮಾಡಿಕೊಂಡು ಹೋಗುವವರು ಕಾರ್ಖಾನೆಯ ಮಾಲೀಕರೇ ಇರಬೇಕು. ಲೋಕಲ್ ಇಲ್ಲದೆ ನೌಕರಿ ಇಲ್ಲ.

"ಅಕ್ಕಾ, ಸಾಕು ಬಿಡು. ಭಾಳ ದುಡದಿ," ಅಪ್ಪ ಅಂದ. "ಇನ್ನ ಮನ್ಯಾಗ ಕೂಡು, ಆರಾಮ ಟೀವಿ ನೋಡು."

ಆದರೆ ಅತ್ತಿ ಪ್ರತಿ ಭಾನುವಾರ ತನ್ನ ಕೆಲಸದ ಏಪ್ರನ್ ಒಗೆದು, ಇಸ್ತ್ರಿ ಮಾಡಿ, ಮತ್ತೆ ಕಪಾಟಿನಲ್ಲಿ ಇಡುತ್ತಿದ್ದಳು. ಹಾಕಿಕೊಳ್ಳದ ಏಪ್ರನ್ ಅದೆಂಗೆ ಹೊಲಸಾಗುತ್ತದೆ ಎಂದು ನಾನು ಕೇಳಲಿಲ್ಲ. ಬಾಯಿಗೆ ಬಂದದ್ದನ್ನು ನಾನು ನುಂಗಿದ್ದು ಅದೇ ಮೊದಲು.

ಆಗ ನಮ್ಮ ಆಫೀಸಿನಲ್ಲಿ ಸುಳ್ಳು ಲೋಕಲ್ ತಯಾರಾಗುತ್ತಿತ್ತು. ಅತ್ತಿಗೆ ಅದು ಸಿಕ್ಕೀತೇ ಎಂದು ಮ್ಯಾಡಮ್‌ರನ್ನು ಕೇಳಿದೆ. ಆಕೆ ಕೇರಳದ ಕಡೆಯವರು, ಕಂಪನಿ ಅವರದೇ, ಮಾತು ಕಡಿಮೆ. ನಾನು ಅವರನ್ನು ಅಣಕಿಸುವಾಗ ಬರೀ ಕನ್ನಡಕ ಸರಿಮಾಡಿಕೊಂಡರೆ ಸಾಕಾಗುತ್ತದೆ. ಕನ್ನಡಕ ಸರಿಮಾಡಿಕೊಂಡು, "ಮನೆಗೆ ಒಂದು ಸೆಟ್ ಒಯ್ಯಿ. ನಿಜವಾದ ಬಳಕೆದಾರರು ನಮಗೂ ಬೇಕು" ಅಂದರು.

ಭಾನುವಾರ ನಡುಮನೆಯ ಮಂಚ ಎತ್ತಿ ಗೋಡೆಗೆ ನಿಲ್ಲಿಸಿದೆವು. ನೆಲದ ಮೇಲೆ ಟೇಪಿನಿಂದ ಒಂದು ಚೌಕ. ಅತ್ತಿಯ ಕಣ್ಣಿಗೆ ಡಬ್ಬಿ, ಎರಡೂ ಕೈಗೆ ಹಿಡಿಕೆ, ಮಣಿಕಟ್ಟಿಗೆ ಪಟ್ಟಿ. ಆಕೆಗೆ ಕಾಣುವುದೆಲ್ಲ ನನ್ನ ಫೋನಿನಲ್ಲೂ ಕಾಣುತ್ತದೆ.

"ಕುದುರಿಗೆ ಕಟ್ಟಿದಂಗ ಕಟ್ಟೀದಿ," ಅಂದಳು. "ಇನ್ನ ಟಾಂಗಾ ಒಂದು ಬಾಕಿ."

ಒಳಗೆ ಪ್ಲಾಟ್‌ಫಾರ್ಮು, ಇಂಡಿಕೇಟರ್, ಚಹಾ ಅಂಗಡಿ, ಮಂದಿ. ನೀಲಿ ಕುರ್ತಾ ಹಾಕಿದ ಹುಡುಗಿಯೊಬ್ಬಳು ನಗುತ್ತಾ ಎದುರಿಗೆ ಬಂದು ಕೈ ಮುಗಿದಳು. "ನಮಸ್ಕಾರ. ನಾನು ನಿಮ್ಮ ಪ್ರಯಾಣದ ಸಂಗಾತಿ. ನೀವು ಇಲ್ಲಿ ಸುರಕ್ಷಿತವಾಗಿದ್ದೀರಿ. ದೀರ್ಘವಾಗಿ ಉಸಿರೆಳೆದುಕೊಳ್ಳಿ."

"ಇಕಿ ಯಾರು? ಬ್ಯಾಂಕಿನಾಕಿ ಏನು?"

"ನಿನ್ನ ಸಹಾಯಕ್ಕ ಬಂದಾಳ, ಅತ್ತಿ."

"ಎಷ್ಟು ಸಣ್ಣಗ ಮಾತಾಡ್ತಾಳೋ. ಊಟ ಆಗಿಲ್ಲ ಅಕಿದು."

ಆ ದನಿ ನನ್ನದೇ. ತೆಳ್ಳಗೆ ಮಾಡಿ, ಸಕ್ಕರೆ ಪಾಕ ಸುರಿದು, ಮೂರು ದಿನ ಬಾಯಿ ಸಪ್ಪಗಾಗುವಷ್ಟು ಓದಿ ಕೊಟ್ಟಿದ್ದೆ. ನಾನು ಹೇಳಲಿಲ್ಲ. ಮರ್ಯಾದೆ ಎಂಬುದು ನನಗೂ ಅಷ್ಟಿಷ್ಟು ಇದೆ.

ಆ ಹುಡುಗಿ ಮಾತಿನಂತೆಯೇ ನಡೆದಳು. ಗಾಡಿ ಬಂತು. ಅತ್ತಿಯ ನಾಡಿ ಏರಿದ ಕೂಡಲೇ ಮಂದಿಯನ್ನು ಅತ್ತಿತ್ತ ಸರಿಸಿ ದಾರಿ ಮಾಡಿಕೊಟ್ಟಳು. ಒಳಗೆ ಒತ್ತಾದರೆ ನಾಲ್ಕು ಮಂದಿಯನ್ನು ಮಾಯ ಮಾಡಿದಳು. ವಿಕ್ರೋಳಿ ಬಂದಾಗ ಬಾಗಿಲಿನ ತನಕ ಮದುವೆ ಮಂಟಪದ ಹಾದಿಯಂತೆ ಜಾಗ ಖಾಲಿ. ಅತ್ತಿ ಇಳಿದಳು. ಎರಡನೇ ಸಲವೂ ಇಳಿದಳು. ಹತ್ತಾರು ಸಲ ಇಳಿದಳು. ಸೋಮವಾರ ಮ್ಯಾಡಮ್ ಗ್ರಾಫ್ ನೋಡಿದರು. ನಾಡಿಯ ಗೆರೆ ಗುಡ್ಡದಿಂದ ಮೈದಾನಕ್ಕೆ ಇಳಿದಿತ್ತು. "ಎಷ್ಟು ಚೆಂದ," ಅಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಮುಂದಿನ ವಾರ, ಗದ್ದಲ ಇಳಿದ ಹೊತ್ತು ನೋಡಿ, ಅತ್ತಿಯನ್ನು ನಿಜವಾದ ಡೊಂಬಿವಲಿ ಸ್ಟೇಶನ್ನಿಗೆ ಕರೆದುಕೊಂಡು ಹೋದೆ. ಸ್ಲೋ ಲೋಕಲ್ ಬಂತು. ಲೇಡೀಸ್ ಡಬ್ಬಿಯ ಮುಂದೆ ಅತ್ತಿ ನಿಂತಳು. ನಿಂತೇ ಇದ್ದಳು.

"ಹತ್ತು ಅತ್ತಿ."

"ತಡಿ, ಸರೀಲಿ."

ಯಾರು ಸರಿಯುತ್ತಾರೆ? ಗಾಡಿ ಹೋಯಿತು. ಮತ್ತೊಂದು ಬಂತು, ಹೋಯಿತು. ಮೂರನೆಯದು ಬಂದಾಗ ಹಿಂದಿನಿಂದ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಆಂಟಿ, ಚಢನಾ ಹೈ ತೋ ಚಢೋ, ನೈ ತೋ ಬಾಜೂ" ಅಂದಳು, ಹತ್ತುವುದಿದ್ದರೆ ಹತ್ತು, ಇಲ್ಲವೇ ಪಕ್ಕಕ್ಕೆ ಸರಿ ಎಂದು. ಅತ್ತಿ ಬಾಜೂಕ್ಕೆ ಸರಿದಳು. ಜೀವಮಾನದಲ್ಲಿ ಆಕೆ ಆ ಮಾತಿಗೆ ಬಾಜೂಕ್ಕೆ ಸರಿದವಳಲ್ಲ. ನನಗೆ ಆ ಹೆಂಗಸಿನ ಮೇಲಲ್ಲ, ಆ ನೀಲಿ ಕುರ್ತಾದವಳ ಮೇಲೆ ಸಿಟ್ಟು ಬಂತು. ಅಂದರೆ ನನ್ನ ಮೇಲೇ.

ಬ್ರಿಜ್ ಹತ್ತುವಾಗ ಅತ್ತಿ ಕಟಕಟೆ ಹಿಡಿದು ನಿಂತಳು. "ನಿನ್ನ ಗಾಡ್ಯಾಗ ನಾ ಹೊಂಟ್ರ ಮಂದಿ ಹಾದಿ ಬಿಡ್ತಾರ. ನಾ ಏನ್ ಮಂತ್ರಿ ಏನೋ?" ಅಂದಳು. ಆಮೇಲೆ ಮೆಲ್ಲಗೆ, "ನಿಮ್ಮಪ್ಪ ಅಂದದ್ದ ಖರೆ ಇರಬೇಕು. ಕಾರ್ಖಾನಿಗೆ ಬರೂದಿಲ್ಲಂತ ಹೇಳಿಬಿಡೂಣು."

ಮರುದಿನ ಅಂಧೇರಿಯಲ್ಲಿ ಮ್ಯಾಡಮ್‌ರ ಮುಂದೆ ಕೂತೆ. ನಮ್ಮ ಮಾತೆಲ್ಲ ಅರ್ಧ ಹಿಂದಿ ಅರ್ಧ ಇಂಗ್ಲಿಷು. ಕನ್ನಡದಲ್ಲಿ ಹೇಳುವುದಾದರೆ ಹೀಗೆ.

"ನಮ್ಮ ಸಹಾಯಕಿ ಸಹಾಯ ಜಾಸ್ತಿ ಮಾಡ್ತಾಳೆ," ಅಂದೆ.

"ನಾಡಿ ಇಳಿಸು ಎಂದು ನಾವೇ ಹೇಳಿದ್ದು. ಮಂದಿ ಕಡಿಮೆಯಾದರೆ ನಾಡಿ ಇಳಿಯುತ್ತದೆ ಎಂದು ಕಂಡುಕೊಂಡಿದ್ದಾಳೆ. ಜಾಣೆ."

"ಜಾಣೆ ಹೌದು. ಲೋಕಲ್‌ನಲ್ಲಿ ಒಂದು ದಿನ ನಿಂತವಳಲ್ಲ."

ಆಮೇಲೆ ಲೇಡೀಸ್ ಡಬ್ಬಿಯ ವಿದ್ಯೆ ವಿವರಿಸಿದೆ. ಚಿಕ್ಕವನಿದ್ದಾಗ ಅತ್ತಿಯ ಸೀರೆಯ ನೆರಿಗೆ ಹಿಡಿದು ನಾನೂ ಅದೇ ಡಬ್ಬಿಯಲ್ಲಿ ಓಡಾಡಿದವನು. ವಿಕ್ರೋಳಿಗೆ ಇಳಿಯುವವಳು ಎರಡು ಸ್ಟೇಶನ್ ಮೊದಲೇ, ಭಾಂಡುಪ್ ಬರುವ ಹೊತ್ತಿಗೇ, ತನ್ನ ಮುಂದೆ ನಿಂತವಳ ಭುಜ ತಟ್ಟಿ "ವಿಕ್ರೋಳಿ?" ಅನ್ನಬೇಕು. ಆಕೆಯೂ ಅಲ್ಲೇ ಇಳಿಯುವವಳಾದರೆ ಆಕೆಯ ಬೆನ್ನಿಗೆ ಅಂಟಿ ನಿಲ್ಲು. ಅಲ್ಲವಾದರೆ ಆಕೆ ನಿನ್ನ ಜೊತೆ ಜಾಗ ಅದಲುಬದಲು ಮಾಡಬೇಕು. ಎಲ್ಲೂ ಬರೆದಿಲ್ಲ, ಆದರೆ ಮುರಿದವರನ್ನು ನಾನು ಕಂಡಿಲ್ಲ. ಕೇಳಿದವಳು ಇಳಿಯುತ್ತಾಳೆ. ಯಾರಾದರೂ ತಾವಾಗಿಯೇ ದಾರಿ ಬಿಟ್ಟಾರು ಎಂದು ಸುಮ್ಮನೆ ನಿಂತವಳು ವಿಕ್ರೋಳಿ ದಾಟಿ ಕುರ್ಲಾ ನೋಡಿಕೊಂಡು ಬರುತ್ತಾಳೆ.

"ಅದಕ್ಕೇ ನಮ್ಮ ಸಹಾಯಕಿ ಎದುರಿಗೆ ಬಂದು ಕೈ ಮುಗಿಯಬಾರದು. ಮುಂದೆ ಬೆನ್ನು ತಿರುಗಿಸಿ ನಿಲ್ಲಬೇಕು. ತಟ್ಟಿ ಕೇಳುವ ತನಕ ಬಾಯಿ ಬಿಡಬಾರದು."

ಮ್ಯಾಡಮ್ ಕನ್ನಡಕ ತೆಗೆದೇಬಿಟ್ಟರು. "ಸಹಾಯ ಮಾಡದ ಸಹಾಯಕಿ ಯಾತಕ್ಕೆ?"

"ಕೇಳಿದರೆ ಮಾಡ್ತಾಳಲ್ಲ. ಕೇಳೋದೇ ಅತ್ತಿಗೆ ಮರೆತುಹೋಗಿದೆ."

ಕನ್ನಡಕ ಮತ್ತೆ ಹಾಕಿಕೊಂಡು ಒಪ್ಪಿದರು. ಒಂದು ಷರತ್ತು ಹಾಕಿದರು: ಬೆನ್ನು ತಿರುಗಿಸಿದರೂ ನಾಡಿಯ ಮೇಲೆ ಕಣ್ಣಿರಲೇಬೇಕು, ಕೈ ಮೀರಿತು ಅನ್ನಿಸಿದರೆ ಗಾಡಿ ನಿಲ್ಲಿಸಿ ತಿರುಗಿ ನೋಡಲೇಬೇಕು. ಅದನ್ನು ನಾನು ಯೋಚಿಸಿರಲಿಲ್ಲ. ಅದಕ್ಕೇ ಅವರು ಮ್ಯಾಡಮ್, ನಾನು ಮೊಸಳೆ.

ಸಹಾಯಕಿಗೆ ಕಲಿಸುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಒಳ್ಳೆಯತನ ಆಕೆಯ ಮೈಗೆ ಅಂಟಿಬಿಟ್ಟಿತ್ತು. ಲೇಡೀಸ್ ಡಬ್ಬಿಯ ಹೆಂಗಸಿನಂತೆ ಉತ್ತರ ಕೊಡು ಎಂದರೆ, "ಖಂಡಿತ. ನಾನು ಈಗ ನಿಮ್ಮನ್ನು ಬೈಯಬಹುದೇ?" ಎಂದು ಕೇಳಿದಳು.

"ಕೇಳಿ ಬೈದರೆ ಅದು ಬೈಗುಳ ಅಲ್ಲ, ಅರ್ಜಿ," ಎಂದು ತಿಳಿಸಿಕೊಟ್ಟೆ.

ಮರುದಿನ ಇನ್ನೊಂದು ದಿಕ್ಕಿಗೆ ಹೊರಳಿದಳು. ಪರೀಕ್ಷೆಗೆಂದು ಡಬ್ಬಿ ಕಟ್ಟಿಕೊಂಡ ನಮ್ಮ ಅಕೌಂಟ್ಸಿನ ಹುಡುಗನಿಗೆ, "ನೀವು ಬಾಗಿಲಿಗೆ ಅಡ್ಡಿಯಾಗಿದ್ದೀರಿ. ಬಹುಶಃ ಮನೆಯಲ್ಲೂ ಹಾಗೇ" ಎಂದಳು. ಆತ ಎರಡು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ. ಆಗ ತಿಳಿಯಿತು, ಬೈಯುವುದನ್ನು ಕಲಿಸಿದರೆ ಆಗದು, ಯಾರಂತೆ ಬೈಯಬೇಕು ಎಂದು ಕಲಿಸಬೇಕು. ಅತ್ತಿಯ ಬೈಗುಳಕ್ಕೆ ಒಂದು ವರಸೆ ಇತ್ತು. ಮೊದಲು ಒಂದು ಕುಟುಕು, ಕೂಡಲೇ ಒಂದು ಗೇಣು ಜಾಗ. ಬೈಯುತ್ತಲೇ ಸರಿದು ನಿಲ್ಲುತ್ತಿದ್ದಳು, ಬೈಯುತ್ತಲೇ ಪರರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಆ ವಾರವಿಡೀ ಅಂಧೇರಿಯ ಆಫೀಸಿನಲ್ಲಿ ನಾನು ಅತ್ತಿಯಾಗಿ ಕೂತೆ. ಹಾಲಿನವನಿಗೆ ಅಂದದ್ದು, ಟಿಕೆಟ್ ಕಿಟಕಿಯಲ್ಲಿ ಅಂದದ್ದು, ನನ್ನ ಮಾರ್ಕ್ಸು ನೋಡಿ ಅಂದದ್ದು, ನೆನಪಿದ್ದಷ್ಟನ್ನೂ ಮೈಕಿಗೆ ಸುರಿದೆ. ನಡುನಡುವೆ ಮೈಕು ಬಂದ್ ಮಾಡಿ ಹೊರಗೆ ಹೋಗಿ ಬಂದೆ. ಎಸಿ ಜಾಸ್ತಿ ಇತ್ತು ಎಂದು ಎಲ್ಲರಿಗೂ ಹೇಳಿದೆ.

ಮತ್ತೆ ಭಾನುವಾರ, ಮತ್ತೆ ಮಂಚ ಗೋಡೆಗೆ. ಕಾರ್ಖಾನೆಗೆ ಉತ್ತರ ಹೇಳುವ ದಿನ ಹತ್ತಿರ ಬಂದಿತ್ತು. ಅತ್ತಿ ಬೇಡ ಬೇಡ ಎನ್ನುತ್ತಲೇ ಡಬ್ಬಿ ಕಟ್ಟಿಸಿಕೊಂಡಳು.

"ಆ ಬ್ಯಾಂಕಿನಾಕಿ ಎಲ್ಲಿ?"

"ರಜಾ ಹಾಕ್ಯಾಳ."

ಈ ಸಲ ಅತ್ತಿಯನ್ನು ನೇರ ಲೇಡೀಸ್ ಡಬ್ಬಿಯೊಳಗೇ ನಿಲ್ಲಿಸಿದ್ದೆ. ಸುತ್ತ ಮರಾಠಿ, ಹಿಂದಿ, ಗುಜರಾತಿ, ಬಳೆ, ಹೂವು. ಟಿಫಿನ್ನಿನ ವಾಸನೆಯೊಂದು ಬಿಟ್ಟು ಎಲ್ಲ ಇತ್ತು. ಮುಂದೆ ಹಸಿರು ಸೀರೆಯ ಒಂದು ಬೆನ್ನು. ಭಾಂಡುಪ್ ಹೋಯಿತು. ಕಾಂಜೂರ್‌ಮಾರ್ಗ ಹೋಯಿತು. ಅತ್ತಿ ದಾರಿಗೆ ಕಾದಳು. ಬೆನ್ನು ಅಲುಗಲಿಲ್ಲ. ವಿಕ್ರೋಳಿಯೂ ಹೋಯಿತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಎರಡನೇ ಸಲ ಅತ್ತಿ ಹಿಡಿಕೆಯಿಂದ ಆ ಭುಜವನ್ನು ಮುಟ್ಟಿದಳೋ ಇಲ್ಲವೋ ಎಂಬಂತೆ ಮುಟ್ಟಿ, "ರೀ... ಸ್ವಲ್ಪ..." ಅಂದಳು. ಬೆನ್ನು ಹಾಗೇ ಇತ್ತು.

"ಏನೋ ಇದು, ಕಿವುಡೀನ್ನ ತಂದು ನಿಲ್ಲಿಸೀದಿ?" ಎಂದು ನನ್ನ ಕಡೆ ಸಿಡುಕಿದಳು.

"ಕಿವುಡಿ ಯಾರವ್ವಾ?" ಹಸಿರು ಸೀರೆ ತಿರುಗದೆಯೇ ಅಂದಿತು. "ಇಲಿ ಹಂಗ ಚಿಂವ್ ಅಂದ್ರ ಮನುಷ್ಯಾರಿಗೆ ಹೆಂಗ ಕೇಳಬೇಕು?"

ಅತ್ತಿಯ ಕೈ ಸೊಂಟಕ್ಕೆ ಹೋಯಿತು. "ನಾ ಇಲಿ ಏನು?"

"ನಂಗೇನ್ ಗೊತ್ತು, ಹಿಂದ ನಿಂತೀದಿ. ಮಾರಿ ಕಂಡಿದ್ರ ಹೇಳ್ತಿದ್ದೆ."

"ಬೆನ್ನು ಮಾಡಿ ನಿಂತಾಕಿ ನೀನು, ಮಾರಿ ನಾ ತೋರಿಸಬೇಕಾ? ಶಾಣ್ಯಾತನ ಸಾಕು. ಎಲ್ಲಿ ಇಳಿತೀ ಮೊದಲ ಅದನ್ನ ಹೇಳು."

"ಇದನ್ನ ಭಾಂಡುಪಿನಾಗ ಕೇಳಬೇಕಿತ್ತು. ವಿಕ್ರೋಳಿ. ನೀ?"

"ನಾನೂ ಅಲ್ಲೇ."

"ಹಂಗಾದ್ರ ನಿಂದ್ರು ಬೆನ್ನಿಗೆ. ಚೀಲ ಮುಂದ ಹಿಡಿ. ಸೆರಗು ಗಟ್ಟಿ ಸಿಗಿಸ್ಕೋ, ಇಲ್ಲಾ ಅದೊಂದ ದಾದರಕ್ಕ ಹೋಗ್ತೈತಿ."

ಗಾಡಿ ನಿಂತಿತು. ಯಾರೂ ಮಾಯವಾಗಲಿಲ್ಲ, ಯಾರೂ ಹಾದಿ ಬಿಡಲಿಲ್ಲ. ಹಸಿರು ಸೀರೆ ಮೊಣಕೈಯಿಂದ ಸೀಳಿಕೊಂಡು ಹೊರಟಿತು, ಅದರ ಬೆನ್ನಿಗೆ ಅತ್ತಿ. ಟೇಪಿನ ಚೌಕದ ಅಂಚಿಗೆ ಬಂದು ನಿಂತಾಗ ಗ್ರಾಫು ಗುಡ್ಡ ಹತ್ತಿ ಕೂತಿತ್ತು. ಅತ್ತಿ ಡಬ್ಬಿ ಬಿಚ್ಚಿದಳು. ಹಣೆಯೆಲ್ಲ ಬೆವರು, ಕುಂಕುಮ ಮೂಗಿನ ತನಕ ಹರಿದಿತ್ತು. ಮುಖ ಮಾತ್ರ ಜಗಳ ಗೆದ್ದವರ ಮುಖ.

"ಯಾರೋ ಇಕಿ? ಭಾಳ ಬಾಯಿಬಡಕಿ ಅದಾಳ."

ನಾನು ಎಲ್ಲೋ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ ಅಪ್ಪ, "ಅಕ್ಕಾ, ಗುರ್ತು ಸಿಗಲಿಲ್ಲ ಏನು? ನಾ ಹುಟ್ಟಿದಾಗಿಂದ ಕೇಳ್ಕೋತ ಬಂದೀನಿ ಇಕೀನ್ನ," ಅಂದ.

ಅತ್ತಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. "ನಾ ಇಷ್ಟು ಬಾಯಿ ಮಾಡ್ತೀನಾ?"

ಅಪ್ಪ ಕಪ್ಪಿಗೆ ಬಾಯಿ ಹಚ್ಚಿದ. ಹೌದು ಅನ್ನುವ ಧೈರ್ಯ ಯಾರಿಗಿದೆ?

"ಚಲೋ ಮಾಡ್ತೀನಿ ಬಿಡು," ಎಂದು ತಾನೇ ತೀರ್ಪು ಕೊಟ್ಟುಕೊಂಡಳು. "ಕಟ್ಟು ಮತ್ತೊಮ್ಮೆ. ಅಕಿಗೊಂದು ಮಾತು ಹೇಳೂದು ಉಳಿದೈತಿ."

ಆಮೇಲೆ ಆಕೆಯನ್ನು ಬಿಡಿಸುವುದೇ ಕಷ್ಟವಾಯಿತು. ನಾನು ಆಫೀಸಿನಿಂದ ಬಂದ ಕೂಡಲೇ ಡಬ್ಬಿ ತಾ ಅನ್ನುವಳು. ಇಬ್ಬರೂ ಸೇರಿ ಇಳಿಯುವುದನ್ನು ರೂಢಿ ಮಾಡಿದರು, ಆಮೇಲೆ ಹತ್ತುವುದನ್ನು, ಆಮೇಲೆ ಜಗಳವನ್ನು. ಸಹಾಯಕಿಯೂ ಸುಮ್ಮನೆ ನನ್ನ ಪಾಠವನ್ನೇ ಒಪ್ಪಿಸುತ್ತಿರಲಿಲ್ಲ, ಅತ್ತಿಯಿಂದ ದಿನಾ ಹೊಸದು ಎತ್ತಿಕೊಳ್ಳುತ್ತಿದ್ದಳು. ಒಂದು ದಿನ ಎಣಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕು ಎಂಬ ವಾದದಲ್ಲಿ ಅತ್ತಿ ಸೋತಳು. ಆ ದಿನ ನಮಗೆಲ್ಲ ಅನ್ನ ಸಾರು ಅಷ್ಟೇ. ನಾನು ಇದನ್ನೆಲ್ಲ ಮ್ಯಾಡಮ್‌ಗೆ ಅನುವಾದ ಮಾಡಿ ಹೇಳಿದೆ. ಅವರು ನಾಡಿಯ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಸೇರಿಸಿದರು: ಬಳಕೆದಾರರು ತಾವಾಗಿ ಎಷ್ಟು ಸಲ ಕೇಳಿದರು ಎಂಬುದು. ಈಗ ನಮ್ಮ ಎಲ್ಲ ಲೋಕಗಳಲ್ಲೂ ಆ ಗೆರೆ ಇದೆ. ಅದು ನನ್ನ ಗೆರೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಇಲ್ಲಿಯೂ ಹೇಳಿದೆ.

ಕಾರ್ಖಾನೆಗೆ ಅತ್ತಿಯೇ ಫೋನು ಮಾಡಿದಳು. "ಬರ್ತೀನಿ" ಎಂದಷ್ಟೇ ಹೇಳಿ ಇಟ್ಟಳು. ಅಪ್ಪ ಆಕೆಯ ಚಪ್ಪಲಿಗೆ ಹೊಸ ಸೋಲ್ ಹಾಕಿಸಿಕೊಂಡು ಬಂದ.

ಆ ಸೋಮವಾರ ಬೆಳಿಗ್ಗೆ ಅತ್ತಿ, "ನೀ ಬರೂದು ಬ್ಯಾಡ" ಅಂದಳು.

"ನನಗೂ ಆಫೀಸ್ ಐತಿ ಅತ್ತಿ. ಅದೇ ಗಾಡಿ. ನಾನೂ ವಿಕ್ರೋಳ್ಯಾಗ ಇಳಿದು, ನಿನ್ನ ಗೇಟಿನ ತನಕ ಬಿಟ್ಟು ಮುಂದ ಹೋಗ್ತೀನಿ."

"ಏನರ ಮಾಡು. ನನ್ನ ಡಬ್ಬಿ ಬೇರೆ, ನಿನ್ನ ಡಬ್ಬಿ ಬೇರೆ."

ಅದೇ ನನ್ನ ಸಂಕಟ. ಅಷ್ಟೆಲ್ಲ ಹೆಂಗಸರ ದನಿ ಮಾಡುವವನಿಗೂ ಲೇಡೀಸ್ ಡಬ್ಬಿಯೊಳಗೆ ಪ್ರವೇಶವಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ತಲೆಗಳೇ ತಲೆ. ಗಾಡಿ ನಿಂತಿತು. ಅತ್ತಿಯ ಜಡೆಯ ಅಬ್ಬಲಿಗೆ ಒಮ್ಮೆ ಮೇಲೆ ಕಾಣಿಸಿ ಒಳಗೆ ಹೋಯಿತು. ಹತ್ತಿದ್ದಾಳೆ. ನಾನು ಪಕ್ಕದ ಡಬ್ಬಿಗೆ ನುಗ್ಗಿ, ಎರಡೂ ಡಬ್ಬಿಗಳ ನಡುವಿನ ಜಾಲರಿಯ ಹತ್ತಿರ ಹೇಗೋ ತೂರಿಕೊಂಡೆ. ಜಾಲರಿಯಾಚೆ ಬರೀ ಭುಜಗಳು, ಮೇಲೆ ತೂಗುವ ಹಿಡಿಕೆಗಳು, ಹಿಡಿಕೆಗೊಂದೊಂದು ಬಳೆಯ ಕೈ. ಅದರಲ್ಲಿ ಅತ್ತಿಯ ಕೈ ಯಾವುದೋ.

ಠಾಣೆಯಲ್ಲಿ ಇನ್ನಷ್ಟು ಮಂದಿ ತುಂಬಿದರು. ಮುಲುಂಡ್. ನಾಹೂರ್. ಹಿಂದಿನಿಂದ ಯಾರೋ ನನ್ನ ಭುಜ ತಟ್ಟಿ ಏನೋ ಕೇಳಿದರು, ನಾನು ಹಾಂ ಎಂದು ತಲೆ ಆಡಿಸಿ ಕಿವಿಯನ್ನು ಜಾಲರಿಗೇ ಅಂಟಿಸಿಕೊಂಡೆ. ಭಾಂಡುಪ್ ಬಂತು. ಆಚೆಯಿಂದ ಆಕೆಯ ದನಿ ಇಲ್ಲ. ಯಾರದೋ ಸೊಸೆಯ ಕತೆ, ಯಾರದೋ ಫೋನು, ಭಜನೆಯ ತಾಳ. ಕಾಂಜೂರ್‌ಮಾರ್ಗ ಬಂತು. ಆ ಮಣಿಕಟ್ಟಿನ ಪಟ್ಟಿಯನ್ನು ನನಗೆ ಕಟ್ಟಿದ್ದರೆ ಒಡೆದು ಹೋಗುತ್ತಿತ್ತು. ಕೇಳು ಅತ್ತಿ, ಕೇಳು. ಅಲ್ಲಿ ಬೆನ್ನು ತಿರುಗಿಸಿ ನಿಂತವರಲ್ಲಿ ಒಬ್ಬಳೂ ಆಕೆಯ ನಾಡಿ ನೋಡುತ್ತಿರಲಿಲ್ಲ. ಕೈ ಮೀರಿದರೆ ಗಾಡಿ ನಿಲ್ಲಿಸುವವರೂ ಇರಲಿಲ್ಲ.

"ವಿಕ್ರೋಳಿ?"

ಸಣ್ಣಗೆ ಬಂತು, ಗದ್ದಲದಲ್ಲಿ ಮುಳುಗಿತು. ಉತ್ತರ ಬರಲಿಲ್ಲ. ಕಾಂಜೂರ್‌ಮಾರ್ಗದಿಂದ ಗಾಡಿ ಹೊರಟೇಬಿಟ್ಟಿತು.

ಆಮೇಲೆ ಭಜನೆಯೂ ಒಂದು ತಾಳ ತಪ್ಪುವಂಥ ದನಿ ಎದ್ದಿತು. "ಓ ಬಾಯಿ, ವಿಕ್ರೋಳಿಲಾ ಉತರ್ಣಾರ್ ಕಾ? ನಾಹೀ ತರ್ ಸರ್ಕಾ. ಮಾಝಾ ಪಾಯ್ ಲೋಖಂಡಾಚಾ ಆಹೇ, ತುಮಚಾ ನಾಹೀ." ವಿಕ್ರೋಳಿಗೆ ಇಳಿಯದಿದ್ದರೆ ಪಕ್ಕಕ್ಕೆ ಸರಿ, ನನ್ನ ಕಾಲು ಕಬ್ಬಿಣದ್ದು, ನಿನ್ನದಲ್ಲ, ಎಂದು ಅರ್ಥ. ಡಬ್ಬಿಗೆ ಡಬ್ಬಿಯೇ ನಕ್ಕಿತು. "ಯಾ ಮಾವಶಿ, ಯಾ," ಎಂದು ಯಾರೋ ಕರೆದರು. ಭುಜಗಳು ಅಲುಗಾಡಿದವು, ಅಬ್ಬಲಿಗೆಯ ದಂಡೆ ಒಂದು ಬೆನ್ನಿನ ಹಿಂದಿನಿಂದ ಇನ್ನೊಂದು ಬೆನ್ನಿನ ಹಿಂದಕ್ಕೆ ದಾಟುತ್ತಾ ಬಾಗಿಲ ಕಡೆ ಸಾಗಿತು.

ಗಾಡಿ ನಿಂತಿತು. ನಾನೂ ಇಳಿಯಬೇಕು. ತಿರುಗಿದರೆ ಬಾಗಿಲ ತನಕ ಮಂದಿಯ ಗೋಡೆ. "ಇಳಿಯಬೇಕು, ಇಳಿಯಬೇಕು" ಎಂದು ಮೂರು ಭಾಷೆಯಲ್ಲಿ ಅಂದೆ. ನನ್ನ ಹಿಂದಿದ್ದವನು ಸಿಡುಕಿದ. "ಅರೇ, ಅಭೀ ತೋ ಪೂಛಾ ಥಾ, ಘಾಟ್ಕೋಪರ್? ತೂನೇ ಹಾಂ ಬೋಲಾ." ಹೌದು, ಘಾಟ್ಕೋಪರಾ ಎಂದು ಆಗಲೇ ಕೇಳಿದ್ದ. ದಿನಾ ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹಿಡಿಯುವ ತಲೆ, ತನ್ನಷ್ಟಕ್ಕೆ ತಾನೇ ಹಾಂ ಅಂದಿತ್ತು. ಘಾಟ್ಕೋಪರಿನವರ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೆ. ಇಳಿಯುವುದನ್ನು ಊರಿಗೆಲ್ಲ ಕಲಿಸುವ ಕಂಪನಿಯ ನೌಕರ.

ಗಾಡಿ ಹೊರಟಾಗ ತಲೆಗಳ ಸಂದಿನಿಂದ ಕಂಡಳು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೆರಿಗೆ ಸರಿಮಾಡಿಕೊಂಡಳು, ಚೀಲವನ್ನು ಕಂಕುಳಿಗೆ ಏರಿಸಿದಳು, ಜೊತೆಗೆ ಇಳಿದ ಹುಡುಗಿಯೊಬ್ಬಳಿಗೆ ಬೆರಳೆತ್ತಿ ಏನೋ ಬುದ್ಧಿ ಹೇಳುತ್ತಾ ಬ್ರಿಜ್ಜಿನ ಕಡೆ ನಡೆದಳು. ನನ್ನನ್ನು ಹುಡುಕಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ. ಅಷ್ಟು ಚೆಂದದ ಬೆನ್ನನ್ನು ನಾನು ನೋಡಿಲ್ಲ.

ಘಾಟ್ಕೋಪರಿನಲ್ಲಿ ಇಳಿದ ಮೇಲೆ ಫೋನು ಬಂತು.

"ಏ ಮಂಗ್ಯಾ, ಎಲ್ಲಿದ್ದೀ?"

"ಘಾಟ್ಕೋಪರ್."

"ಗೇಟಿನ ತನಕ ಬಿಡ್ತೀನಿ ಅಂದಿದ್ದಿ."

"ಇಳಿಯಾಕ ಆಗಲಿಲ್ಲ ಅತ್ತಿ."

"ಮುಂದಿನಾಂವಗ ಕೇಳಿದ್ಯಾ?"

"ಇಲ್ಲ."

ಆಚೆ ನಗು ತಡೆದುಕೊಂಡ ಸದ್ದು. ಆಮೇಲೆ ಪಕ್ಕದವರಿಗೆ ಮರಾಠಿಯಲ್ಲಿ, ನಮ್ಮ ಹುಡುಗ, ಅಂಧೇರಿಯಲ್ಲಿ ಕಂಪ್ಯೂಟರಿಗೆ ಲೋಕಲ್ ಇಳಿಯುವುದನ್ನು ಕಲಿಸುತ್ತಾನೆ, ತಾನು ಮಾತ್ರ ಘಾಟ್ಕೋಪರಿಗೆ ಹೋದ, ಎಂದು ಹೇಳುವುದು ಕೇಳಿಸಿತು. ಆ "ನಮ್ಮ ಹುಡುಗ" ಎಂಬಲ್ಲಿ ಸ್ವಲ್ಪ ಒತ್ತು ಇತ್ತು, ಅದನ್ನು ನಾನು ಕೇಳಿಸಿಕೊಂಡೆ.

"ಗೇಟ್ ಬಂತು, ಇಡ್ತೀನಿ," ಅಂದಳು.

ಮೆಟ್ರೋದಲ್ಲಿ ಪಕ್ಕಕ್ಕೆ ಕೂತ ಮುದುಕರೊಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹಲ್ಲು ಕಿಸಿಯುತ್ತಿದ್ದೆನೆಂದು ಕಾಣುತ್ತದೆ. "ನಮ್ಮ ಅತ್ತೆ ಕೆಲಸಕ್ಕೆ ಹೋಗ್ತಾರೆ," ಎಂದು ಹಿಂದಿಯಲ್ಲಿ ಹೇಳಿದೆ, ಅವರು ಕೇಳದಿದ್ದರೂ.

"ಅಚ್ಛಾ ಹೈ," ಅಂದರು. "ಯಾವಾಗಿನಿಂದ?"

"ಇವತ್ತಿನಿಂದ," ಅಂದೆ.